ಆರ್‌ಸಿ ಕಾರಿಗೆ ಅಗ್ಗದ ಚಕ್ರ: ಅಂಟಿಸಿ ಬರುವ ಸೆಟ್ಟೋ, ಅಲ್ಯೂಮಿನಿಯಮ್ಮೋ, ಬರಿಯ ನೈಲಾನ್ ರಿಮ್ಮೋ?

ರಿಮೋಟ್‌ನಿಂದ ಓಡಿಸುವ ನನ್ನ ಆರ್‌ಸಿ ಕಾರಿನೊಂದಿಗೆ ಬಂದ ಟೈರ್‌ಗಳು ಸವೆದು ನುಣ್ಣಗಾದ ಮೇಲೆ ಮೂರು ಬಗೆಯ ಅಗ್ಗದ ಚಕ್ರಗಳನ್ನು ಒಂದೇ ಕಾರಿಗೆ ಹಾಕಿ ಓಡಿಸಿದ್ದೇನೆ. ಒಂದು, ಟೈರ್ ಅಂಟಿಸಿಯೇ ಬರುವ ಕ್ರೋಮ್ ಸೆಟ್. ಎರಡು, ಸ್ಕ್ರೂಗಳಿಂದ ಟೈರನ್ನು ಕಚ್ಚಿ ಹಿಡಿಯುವ ಅಲ್ಯೂಮಿನಿಯಂ ಬೀಡ್‌ಲಾಕ್. ಮೂರು, ಟೈರನ್ನು ಬೇರೆಯಾಗಿ ಕೊಂಡು ನಾವೇ ಅಂಟಿಸಿಕೊಳ್ಳಬೇಕಾದ ಸಾದಾ ನೈಲಾನ್ ರಿಮ್. ನನ್ನ ಆಯ್ಕೆ ಮೂರನೆಯದೇ. ಮೊದಲನೆಯದರಲ್ಲಿ ಪಟ್ಟ ಪಾಡನ್ನು ಬಿಡಿಸಿ ಹೇಳಿದರೆ ಅದಕ್ಕೆ ಕಾರಣ ತಾನೇ ತಿಳಿಯುತ್ತದೆ.

ನನ್ನದು 1:10 ಅಳತೆಯ, ನಾಲ್ಕೂ ಚಕ್ರಗಳಿಗೆ ಮೋಟಾರಿನ ಬಲ ಹೋಗುವ ಟ್ರಕ್. ಆಕ್ಸಲ್ ಮೇಲೆ ಕೂತು ಚಕ್ರವನ್ನು ತಿರುಗಿಸುವ ಷಟ್ಕೋನದ ತುಂಡು, ಅಂದರೆ ಹೆಕ್ಸ್, 12 ಮಿ.ಮೀ. ಅಗಲದ್ದು. ಚಕ್ರವನ್ನು ಹಿಡಿದಿಡುವುದು ಎಂ4 (4 ಮಿ.ಮೀ. ಥ್ರೆಡ್‌ನ) ನೈಲಾಕ್ ನಟ್. ಮೂರೂ ಸೆಟ್‌ಗಳ ಪೊಟ್ಟಣದ ಮೇಲೆ ‘12 ಮಿ.ಮೀ. ಹೆಕ್ಸ್’ ಎಂದೇ ಬರೆದಿತ್ತು. ಅದು ಸುಳ್ಳಲ್ಲ, ಆದರೆ ಆ ಸಂಖ್ಯೆ ಹೇಳುವುದು ಹೆಕ್ಸ್‌ನ ಅಗಲವನ್ನು ಮಾತ್ರ. ನಟ್ ಬಂದು ಕೂರುವ ಜಾಗದಲ್ಲಿ ರಿಮ್ ಎಷ್ಟು ದಪ್ಪವಾಗಿದೆ ಎಂಬುದು ಅಷ್ಟೇ ಮುಖ್ಯ. ಅದನ್ನು ಯಾರೂ ಬರೆಯುವುದಿಲ್ಲ.

ಕ್ರೋಮ್ ಚಕ್ರವನ್ನು ಹೆಕ್ಸ್ ಮೇಲೆ ಕೂರಿಸಿ 7 ಮಿ.ಮೀ. ಸ್ಪ್ಯಾನರ್‌ನಿಂದ ನಟ್ ತಿರುಗಿಸಿದೆ. ನೈಲಾಕ್ ನಟ್ ಬಳಸಿದವರಿಗೆ ಗೊತ್ತಿರುತ್ತದೆ: ಮೊದಲು ಸಲೀಸಾಗಿ ಹೋಗುವ ನಟ್, ಆಕ್ಸಲ್ ತುದಿ ಒಳಗಿನ ನೈಲಾನ್ ಉಂಗುರವನ್ನು ಹೊಕ್ಕ ಕೂಡಲೇ ಕೈಗೆ ಬಿಗಿಯಾಗುತ್ತದೆ. ಇಲ್ಲಿ ಆ ಬಿಗಿ ಬರಲೇ ಇಲ್ಲ. ನಟ್ ಕೊನೆಯವರೆಗೂ ಸಡಿಲವಾಗಿಯೇ ಹೋಗಿ ರಿಮ್‌ಗೆ ತಾಗಿ ನಿಂತಿತು. ಟಾರ್ಚ್ ಹಿಡಿದು ನೋಡಿದರೆ ಆಕ್ಸಲ್ ತುದಿ ಉಂಗುರಕ್ಕೆ ತಲುಪದೆ ಒಳಗೇ ಉಳಿದಿತ್ತು. ಹಳೆಯ ರಿಮ್ ಪಕ್ಕದಲ್ಲಿಟ್ಟು ಕ್ಯಾಲಿಪರ್‌ನಿಂದ ಅಳೆದೆ. ಹೊಸದರ ನಡುಭಾಗ ಸುಮಾರು ಒಂದೂವರೆ ಮಿಲಿಮೀಟರ್ ಹೆಚ್ಚು ದಪ್ಪವಿತ್ತು.

ಒಂದೂವರೆ ಮಿಲಿಮೀಟರ್ ತಾನೇ ಎನ್ನುವಂತಿಲ್ಲ. ನೈಲಾನ್ ಹಿಡಿಯದ ನೈಲಾಕ್ ನಟ್ ಬರಿಯ ಸಾಮಾನ್ಯ ನಟ್. ಗಾಡಿ ಜಿಗಿದು ಬಿದ್ದಾಗ, ಬ್ರೇಕ್ ಹಿಡಿದಾಗ, ಮತ್ತೆ ಎಳೆದಾಗ ಪ್ಲಾಸ್ಟಿಕ್ ರಿಮ್ ಒಂದಿಷ್ಟು ಒತ್ತಿಕೊಂಡು ಮತ್ತೆ ಬಿಡುತ್ತದೆ. ಅಷ್ಟರಲ್ಲಿ ನಟ್ ತಿರುಗಿಬಿಡುತ್ತದೆ. ಪರೀಕ್ಷೆಗೆಂದು ಹುಲ್ಲಿನ ಮೇಲೆ ನಿಧಾನವಾಗಿ ಓಡಿಸಿ, ಕಾರನ್ನು ಎತ್ತಿ ನೋಡಿದೆ. ಹಿಂದಿನ ಎಡ ಚಕ್ರದ ನಟ್ ಬೆರಳಿನಲ್ಲೇ ತಿರುಗುತ್ತಿತ್ತು. ಇನ್ನಷ್ಟು ಓಡಿಸಿದ್ದರೆ ಸಡಿಲವಾದ ಚಕ್ರ ಹೆಕ್ಸ್ ಮೇಲೆ ಕುಣಿದು, ರಿಮ್‌ನೊಳಗಿನ ಷಟ್ಕೋನದ ಮೂಲೆಗಳನ್ನು ತಿಂದುಹಾಕುತ್ತಿತ್ತು. ಮೂಲೆ ಸವೆದ ರಿಮ್ ಆಮೇಲೆ ಯಾವ ಕೆಲಸಕ್ಕೂ ಬಾರದು.

ಪರಿಹಾರಗಳು ಹಲವು, ಒಂದೊಂದಕ್ಕೂ ಒಂದೊಂದು ತಕರಾರು. ತೆಳುವಾದ ಹೆಕ್ಸ್ ಹಾಕಬಹುದು. ಆದರೆ ಚಕ್ರ ಅಷ್ಟೇ ಒಳಕ್ಕೆ ಸರಿಯುತ್ತದೆ, ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಮುಂದಿನ ಟೈರ್ ಸಸ್ಪೆನ್ಷನ್ ತೋಳಿಗೆ ಉಜ್ಜುತ್ತದೆ. ನಟ್ ಸಡಿಲವಾಗದಂತೆ ಹಿಡಿಯುವ ಥ್ರೆಡ್‌ಲಾಕ್ ದ್ರವ ಹಚ್ಚಬಹುದು. ಅದು ಲೋಹಕ್ಕೆ ಲೋಹ ಕೂರುವ ಕಡೆಗೆ ಸರಿ. ಕ್ರೋಮ್ ಹೊದಿಸುವುದು ಸಾಮಾನ್ಯವಾಗಿ ಎಬಿಎಸ್ ಪ್ಲಾಸ್ಟಿಕ್ ಮೇಲೆ, ಆ ದ್ರವ ತಾಗಿದರೆ ಎಬಿಎಸ್ ಬಿರುಕು ಬಿಡಬಹುದು. ನಟ್ಟನ್ನು ತಿರುವುಮುರುವಾಗಿ ಹಾಕಿ ನೈಲಾನ್ ಭಾಗವನ್ನು ರಿಮ್‌ಗೆ ಒತ್ತುವವರೂ ಇದ್ದಾರೆ. ಮೆತ್ತನೆಯ ಉಂಗುರದ ಮೇಲೆ ಚಕ್ರದ ಬಿಗಿ ನಿಲ್ಲುವುದಿಲ್ಲವಾದ್ದರಿಂದ ಅದು ನನಗೆ ಒಪ್ಪಿಗೆಯಿಲ್ಲ.

ಉಳಿದದ್ದು ರಿಮ್ಮನ್ನೇ ಸವೆಸುವುದು. ನಟ್ ಕೂರುವ ಜಾಗ ಒಂದು ಕುಳಿಯೊಳಗಿದೆ, ಅರ ಅಲ್ಲಿಗೆ ಹೋಗದು. ದಪ್ಪ ಡ್ರಿಲ್ ಬಿಟ್ ಹಾಕಿದರೆ ತಳ ಮೊನೆಯಾಗಿ ನಟ್ ಸಮನಾಗಿ ಕೂರುವುದಿಲ್ಲ. ಕೊನೆಗೆ ಕುಳಿಯೊಳಗೆ ಹಿಡಿಯುವಷ್ಟು ಅಗಲದ ವಾಷರ್ ಒಂದಕ್ಕೆ ದಪ್ಪ ಮರಳು ಕಾಗದ ಅಂಟಿಸಿ, ಅದನ್ನು ಎಂ4 ಬೋಲ್ಟ್‌ಗೆ ಬಿಗಿದು, ಬೋಲ್ಟನ್ನು ರಿಮ್‌ನ ನಡುತೂತಿನಲ್ಲಿ ತೂರಿಸಿ ಕೈಯಿಂದ ತಿರುಗಿಸಿದೆ. ತೂತೇ ಬೋಲ್ಟನ್ನು ನೆಟ್ಟಗೆ ಹಿಡಿಯುವುದರಿಂದ ತಳ ಓರೆಯಾಗುವುದಿಲ್ಲ. ನಾಲ್ಕು ಚಕ್ರ, ನಡುನಡುವೆ ಕ್ಯಾಲಿಪರ್, ಬೆರಳೆಲ್ಲ ಬಿಳಿ ಪುಡಿ. ಆಮೇಲೆ ನಟ್ ಹಾಕಿದಾಗ ಉಂಗುರದ ಆಚೆ ಒಂದು ಸುತ್ತು ಥ್ರೆಡ್ ಇಣುಕಿತು. ಅಷ್ಟು ಕಂಡರೆ ಸಾಕು, ನಟ್ ಬಿಚ್ಚಿಕೊಳ್ಳುವುದಿಲ್ಲ.

ಇಷ್ಟಾದ ಮೇಲೆ ಅಂಟು ಕೈಕೊಟ್ಟಿತು! ಟೈರ್‌ನ ಅಂಚು ಒಂದು ಕಡೆ ಬಿಟ್ಟುಕೊಂಡಾಗ ನೋಡಿದರೆ, ಒಣಗಿದ ಅಂಟಿಗೆ ಕ್ರೋಮ್ ಪೊರೆ ಹೊಳೆಯುತ್ತಾ ಮೆತ್ತಿಕೊಂಡಿತ್ತು. ಅಂಟು ಹಿಡಿದದ್ದು ಪ್ಲಾಸ್ಟಿಕ್ಕನ್ನಲ್ಲ, ಪೊರೆಯನ್ನು. ಟೈರ್ ಕೂರುವ ತೋಡಿನಲ್ಲಿ ಪೊರೆಯನ್ನು ಕೆರೆದು ಅಂಟಿಸಬೇಕಿತ್ತು. ಅಗ್ಗದ ಸೆಟ್ ತಯಾರಿಸುವವರು ಆ ಕೆಲಸ ಮಾಡಿರಲಿಲ್ಲ.

ಅಲ್ಯೂಮಿನಿಯಂ ಸೆಟ್‌ಗೆ ಸಲ್ಲಬೇಕಾದ ಮೆಚ್ಚುಗೆ ಸಲ್ಲಲಿ. ಚಕ್ರ ಒಂದಿಷ್ಟೂ ಓಲಾಡದೆ ತಿರುಗಿತು, ನಟ್ ಸರಿಯಾಗಿ ಕೂತಿತು, ಅಂಟಿನ ಹಂಗಿಲ್ಲ. ಆದರೆ ತೂಕ! ತಿರುಗುವ ಭಾಗದ ತೂಕ, ಅದರಲ್ಲೂ ಹೊರ ಅಂಚಿನ ತೂಕ, ಮೋಟಾರಿಗೂ ಗೇರುಗಳಿಗೂ ದೊಡ್ಡ ಹೊರೆ. ಅದೇ ಜಾಗದಲ್ಲಿ, ಅದೇ ಬ್ಯಾಟರಿಯಲ್ಲಿ ಓಡಿಸಿದರೂ ಮೋಟಾರು ಮೊದಲಿಗಿಂತ ಬಿಸಿಯಾಯಿತು. ಕಲ್ಲಿಗೆ ಬಡಿದಾಗ ಪ್ಲಾಸ್ಟಿಕ್ ರಿಮ್ ಬಳುಕಿ ಒಂದಷ್ಟು ಪೆಟ್ಟನ್ನು ನುಂಗುತ್ತದೆ, ಲೋಹ ಅದನ್ನು ಹಾಗೆಯೇ ಆಕ್ಸಲ್‌ಗೂ ಸಸ್ಪೆನ್ಷನ್ ಪಿನ್‌ಗೂ ದಾಟಿಸುತ್ತದೆ. ನನ್ನ ಕಾರಿನ ಮುಂದಿನ ಪಿನ್ ಬಾಗಿದ್ದು ಈ ಚಕ್ರಗಳಿದ್ದಾಗಲೇ. ಬಂಡೆ ಹತ್ತುವ ಕ್ರಾಲರ್ ಇದ್ದಿದ್ದರೆ ನನ್ನ ತೀರ್ಪು ತಿರುಗುತ್ತಿತ್ತು. ಅಲ್ಲಿ ವೇಗವಿಲ್ಲ, ಭಾರ ನೆಲಕ್ಕೆ ಹತ್ತಿರವಿದ್ದಷ್ಟೂ ಗಾಡಿ ಮಗುಚುವುದಿಲ್ಲ.

ನೈಲಾನ್ ರಿಮ್ ನೋಡಲು ಸಪ್ಪೆ. ಬಿಳಿಯದು ಬೇಗ ಕೊಳೆಯಾಗುತ್ತದೆ. ಬೇಕಾದರೆ ಬಟ್ಟೆಯ ಬಣ್ಣ ಕದಡಿದ ಬಿಸಿ ನೀರಿನಲ್ಲಿ ಅದ್ದಿದರೆ ನೈಲಾನ್ ಬಣ್ಣ ಹೀರಿಕೊಳ್ಳುತ್ತದೆ. ನಡುಭಾಗದ ದಪ್ಪ ಮೂಲ ರಿಮ್‌ನಷ್ಟೇ ಇತ್ತು, ಬಂದ ದಿನವೇ ನಟ್ ಸರಿಯಾಗಿ ಕಚ್ಚಿತು.

ಅಂಟಿಸುವ ಕೆಲಸವಂತೂ ನನಗೆ ಇಷ್ಟದ್ದು. ಹೊಸ ಟೈರ್‌ಗೆ ಅಚ್ಚಿನಿಂದ ಬಿಡಿಸುವ ಎಣ್ಣೆಯ ಪಸೆ ಇರುತ್ತದೆ, ಸೋಪು ನೀರಿನಲ್ಲಿ ತೊಳೆಯಬೇಕು. ನೈಲಾನ್ ಅಂಟಿಗೆ ಸುಲಭವಾಗಿ ಒಲಿಯದು. ತೋಡನ್ನು ಮರಳು ಕಾಗದದಿಂದ ಒರಟಾಗಿಸಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿದರೆ ಹಿಡಿಯುತ್ತದೆ. ಟೈರ್‌ನೊಳಗೆ ಫೋಮ್ ಕೂರಿಸಿ, ಟೈರ್ ಸುತ್ತ ರಬ್ಬರ್ ಬ್ಯಾಂಡ್ ಹಾಕಿ, ಅಂಚನ್ನು ಹೆಬ್ಬೆರಳಿನಿಂದ ಚೂರು ಸರಿಸಿ ತೆಳು ಸಯನೊಅಕ್ರಿಲೇಟ್ (ಸೂಪರ್ ಗ್ಲೂ) ಅಂಟಿನ ಹನಿ ಬಿಟ್ಟರೆ ಅದು ತಾನೇ ತೋಡಿನುದ್ದ ಹರಿಯುತ್ತದೆ. ಒಂದು ಬದಿ ಒಣಗಿದ ಮೇಲೆಯೇ ಇನ್ನೊಂದು ಬದಿ.

ಮುಖ್ಯ ಲಾಭ ಟೈರ್ ಸವೆದ ಮೇಲೆ ಗೊತ್ತಾಗುತ್ತದೆ. ಅಸಿಟೋನ್‌ನಲ್ಲಿ ನೆನೆಸಿಟ್ಟರೆ ಅಂಟು ಮೆತ್ತಗಾಗಿ ಟೈರ್ ಬಿಟ್ಟುಕೊಳ್ಳುತ್ತದೆ, ನೈಲಾನ್‌ಗೆ ಏನೂ ಆಗುವುದಿಲ್ಲ. ಎಬಿಎಸ್ ರಿಮ್ಮನ್ನು ಹಾಗೆ ನೆನೆಸಿದರೆ ರಿಮ್ಮೇ ಕರಗುತ್ತದೆ. ಅಂದರೆ ಕ್ರೋಮ್ ಸೆಟ್‌ನಲ್ಲಿ ಟೈರ್ ಸವೆದರೆ ಹೊಸ ಸೆಟ್ಟನ್ನೇ ಕೊಳ್ಳಬೇಕು, ಇಲ್ಲಿ ಟೈರ್ ಮಾತ್ರ.

ಮೂರಕ್ಕೂ ಅನ್ವಯಿಸುವ ಮಾತು: ಹೊಸ ಟೈರ್‌ನ ವ್ಯಾಸ ಶೇ. 10 ಹೆಚ್ಚಿದರೆ ಗೇರಿಂಗ್ ಕೂಡ ಅಷ್ಟೇ ಏರಿದಂತೆ. ಮೋಟಾರಿನ ತುದಿಯ ಚಿಕ್ಕ ಗೇರಿನ, ಅಂದರೆ ಪಿನಿಯನ್‌ನ, ಹಲ್ಲು ಕಡಿಮೆ ಮಾಡದಿದ್ದರೆ ಮೋಟಾರು ಅತಿಯಾಗಿ ಬಿಸಿಯಾಗಿ ಸುಟ್ಟುಹೋಗಬಹುದು.

ನಾನು ಓಡಿಸುವುದು ಜಲ್ಲಿ, ಹುಲ್ಲು, ಒಣ ಮಣ್ಣಿನಲ್ಲಿ. ರೇಸ್ ಇಲ್ಲ, ಪ್ರದರ್ಶನ ಇಲ್ಲ. ಟೈರ್ ಬೇಗ ಸವೆಯುತ್ತದೆ. ಈ ಹವ್ಯಾಸಕ್ಕೆ ಎತ್ತಿಡುವ ಹಣದಲ್ಲಿ ಒಮ್ಮೆಗೆ ಒಂದು ಜೊತೆ ಟೈರ್ ಬರುತ್ತದೆ, ನಾಲ್ಕು ಚಕ್ರದ ಸೆಟ್ ಬರುವುದಿಲ್ಲ. ಅಂಟಿಸಲು ಒಂದು ಸಂಜೆ ಕೂರುವ ತಾಳ್ಮೆಯಿದೆ. ಇಂಥವರಿಗೆ ನೈಲಾನ್ ರಿಮ್‌ಗಿಂತ ಒಳ್ಳೆಯದು ಕಾಣೆ. ಆ ತಾಳ್ಮೆ ಇಲ್ಲದವರು ಅಂಟಿಸಿ ಬರುವ ಸೆಟ್ ಕೊಳ್ಳುವ ಮೊದಲು ಮಾರುವವರಿಂದ ನಡುಭಾಗದ ದಪ್ಪವನ್ನು ಕೇಳಿ ತಿಳಿದುಕೊಂಡು, ತಮ್ಮ ಹಳೆಯ ರಿಮ್‌ನ ದಪ್ಪದೊಂದಿಗೆ ಹೋಲಿಸಿ ನೋಡಲಿ. ಕ್ರೋಮ್ ಇಲ್ಲದ್ದು ಸಿಕ್ಕರೆ ಅದನ್ನೇ ತೆಗೆದುಕೊಳ್ಳಲಿ.