‘ಮಳೆ’ ಅಂತ ಕೊರೆದು ಬಂದೆ: ಒಂದು ದಿನದ ಲಿನೋಕಟ್ ಕ್ಲಾಸ್

ಕಳೆದ ಭಾನುವಾರ ಒಂದು ಲಿನೋಕಟ್ ಕ್ಲಾಸಿಗೆ ಹೋಗಿದ್ದೆ. ಲಿನೋ ಅನ್ನುವ ಮೆತ್ತನೆ ಹಾಳೆಯಲ್ಲಿ ಚಿತ್ರ ಕೊರೆದು, ಇಂಕ್ ಹಚ್ಚಿ ಕಾಗದಕ್ಕೆ ಒತ್ತುವ ಅಚ್ಚು ಇದು. ಒಂದು ಪದ ಆರಿಸಿಕೊಂಡು ಅದನ್ನೇ ಚಿತ್ರ ಮಾಡಬೇಕು, ಪಕ್ಕದಲ್ಲಿ ಹೂವು ಹಕ್ಕಿ ಏನೂ ಬರೆಯುವ ಹಾಗಿಲ್ಲ. ನಾನು ‘ಮಳೆ’ ತಗೊಂಡೆ.

ಪದವನ್ನು ಟ್ರೇಸಿಂಗ್ ಪೇಪರಿನಲ್ಲಿ ಬರೆದು, ಮಗುಚಿ ಲಿನೋ ಮೇಲೆ ಉಜ್ಜಿದರೆ ಎಲ್ಲ ಉಲ್ಟಾ ಬೀಳುತ್ತದೆ. ‘ಳೆ’ ಮೊದಲು, ‘ಮ’ ಆಮೇಲೆ. ದಿನಾ ಬರೆಯುವ ಅಕ್ಷರ, ಆದರೂ ಓದಲು ಆಗಲಿಲ್ಲ. ಬರೀ ಬಳುಕು, ಸುರುಳಿ, ನಡುವಿನ ಖಾಲಿ ಜಾಗ ಅಷ್ಟೇ ಕಾಣುತ್ತಿತ್ತು. ‘ಳ’ ಒಳಗಿನ ಪುಟ್ಟ ಜಾಗ ತೆಗೆಯುವುದಕ್ಕೇ ಇಪ್ಪತ್ತು ನಿಮಿಷ ಹಿಡಿಯಿತು. ಉಳಿ ತಿರುಗಿಸಬೇಡಿ, ಲಿನೋ ತಿರುಗಿಸಿ ಅಂತ ಮೇಡಂ ಹೇಳಿಕೊಟ್ಟ ಮೇಲೆ ಕೈ ಹಿಡಿತಕ್ಕೆ ಬಂತು. ಅಕ್ಷರದ ಸುತ್ತ ಕೆರೆದಾಗ ಉಳಿದ ಸಣ್ಣ ಏಣುಗಳನ್ನು ನೀಟಾಗಿ ತೆಗೆಯಲು ಹೊರಟಿದ್ದೆ. ಬೇಡ, ಬಿಡಿ ಅಂದರು. ನೀಲಿ ಇಂಕ್ ಹಚ್ಚಿ, ಕಾಗದ ಇಟ್ಟು, ಚಮಚದ ಬೆನ್ನಿನಿಂದ ಉಜ್ಜಿ ಮೆಲ್ಲಗೆ ಎತ್ತಿದರೆ ಆ ಏಣುಗಳೇ ಓರೆ ಗೆರೆಗಳಾಗಿ ಅಕ್ಷರದ ಸುತ್ತೆಲ್ಲ ಸುರಿಯುತ್ತಿವೆ! ತುಂಬಾ ಖುಷಿಯಾಯಿತು.

ಶುರುವಿನಲ್ಲಿ ಎಡ್ ರುಶೇ ಅವರ ಪ್ರಿಂಟ್‌ಗಳನ್ನು ತೋರಿಸಿದ್ದರು. ಈ ಅಮೆರಿಕದ ಕಲಾವಿದ 1970ರಲ್ಲಿ ಲಂಡನ್ನಿನಲ್ಲಿ ನ್ಯೂಸ್, ಸ್ಟ್ಯೂಸ್, ಡ್ಯೂಸ್ ಅಂತ ಪ್ರಾಸ ಕೂಡುವ ಆರು ಪದಗಳ ಸ್ಕ್ರೀನ್‌ಪ್ರಿಂಟ್ (ಜಾಲರಿ ಬಟ್ಟೆಯ ಮೂಲಕ ಇಂಕ್ ಒತ್ತುವ ಅಚ್ಚು) ಮಾಡಿದರು. ಇಂಕ್ ಬದಲು ಬೇಕ್ಡ್ ಬೀನ್ಸ್, ಚಾಕೊಲೇಟ್ ಸಿರಪ್, ಮಾವಿನ ಚಟ್ನಿ ಇಂಥವನ್ನೆಲ್ಲ ಸ್ಕ್ರೀನ್ ಮೂಲಕ ಒತ್ತಿದ್ದಾರೆ. ಪದದ ಅರ್ಥಕ್ಕಿಂತ ಅದರ ಬಣ್ಣ, ತಿನಿಸಿನ ಕಲೆ ಮೊದಲು ಕಣ್ಣಿಗೆ ಬೀಳುತ್ತದೆ.

ಒಂದು ಬೇಸರ ಅಂದರೆ ತೋರಿಸಿದ್ದೆಲ್ಲ ಇಂಗ್ಲಿಷ್ ಪದಗಳೇ. ನಮ್ಮ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಕಲ್ಲಚ್ಚಿನಲ್ಲೇ (ಕಲ್ಲಿನ ಮೇಲೆ ಅಕ್ಷರ ಮೂಡಿಸಿ ಒತ್ತುವ ಅಚ್ಚು) ಬಂದದ್ದು, ಅದರ ಒಂದು ಪುಟವಾದರೂ ತೋರಿಸಬಹುದಿತ್ತು ಅಲ್ವಾ? ಕನ್ನಡದ ದುಂಡು ಅಕ್ಷರ ಕೊರೆಯಲು ಬಂದವರಿಗೆ ಅದು ಜಾಸ್ತಿ ಉಪಯೋಗ. ಇನ್ನೊಂದು, ಆಯಿಲ್ ಇಂಕ್ ಒಣಗಲು ಕೆಲವು ದಿನ ಬೇಕು, ಇವರು ಸಂಜೆಯೇ ಸುತ್ತಿ ಕೈಗೆ ಕೊಟ್ಟರು, ಮನೆಗೆ ಬಂದು ಬಿಚ್ಚಿದರೆ ನನ್ನ ನಾಲ್ಕು ಪ್ರಿಂಟ್‌ನಲ್ಲಿ ಎರಡು ಅಂಟಿಕೊಂಡಿದ್ದವು. ಹೋಗುವವರು ಅಗಲದ ರಟ್ಟಿನ ಫೈಲ್ ತಗೊಂಡು ಹೋಗಿ, ಇಲ್ಲಾ ಅಲ್ಲೇ ಒಣಗಲು ಬಿಟ್ಟು ಆಮೇಲೆ ತನ್ನಿ.

ಉಪಕರಣ ಚೆನ್ನಾಗಿವೆ, ಉಳಿಗಳು ಹರಿತವಾಗಿದ್ದವು. ಮುಂದಿನ ತಿಂಗಳು ಮತ್ತೆ ಹೋಗುತ್ತೇನೆ. ಆಗ ‘ಅಜ್ಜಿ’, ಒತ್ತಕ್ಷರ ಉಲ್ಟಾ ಕೊರೆಯಬೇಕು.