ಬರ ಅಳೆಯಲು ಎಸ್‌ಪಿಐ ಬೇಕಾ, ಎಸ್‌ಪಿಇಐ ಬೇಕಾ?

ಚಳ್ಳಕೆರೆ ಕಡೆಯ ಹಳೇ ಮಳೆ ಲೆಕ್ಕ ಹಿಡಿದು ಬರದ ಜಾಡು ಹುಡುಕಲು ಹೊರಟಿದ್ದೀರಾ? ಮೊದಲು ಅಳತೆಗೋಲು ಆರಿಸಿಕೊಳ್ಳಿ.

1993ರಲ್ಲಿ ಬಂದ ಎಸ್‌ಪಿಐಗೆ (ಮಳೆ ವಾಡಿಕೆಗಿಂತ ಎಷ್ಟು ಹೆಚ್ಚು-ಕಡಿಮೆ ಎಂದು ಹೇಳುವ ಸೂಚ್ಯಂಕ) ಮಳೆಯ ಅಂಕಿಅಂಶ ಒಂದಿದ್ದರೆ ಸಾಕು. ಹವಾಮಾನ ಇಲಾಖೆಯಲ್ಲಿ 1901ರಿಂದಲೇ ಸಿಗುತ್ತದೆ. ಆದರೆ ಅದಕ್ಕೆ ಬಿಸಿಲು ಕಾಣುವುದೇ ಇಲ್ಲ. ಅಷ್ಟೇ ಮಳೆ ಬಿದ್ದರೂ ಸೆಕೆ ಜಾಸ್ತಿಯಾದ ವರ್ಷ ಶೇಂಗಾ ಹೊಲದ ಕೆಂಪು ಮಣ್ಣು ಬೇಗ ಒಣಗುತ್ತದೆ, ಎಲೆ ಮಧ್ಯಾಹ್ನಕ್ಕೇ ಮುದುಡುತ್ತದೆ. ಎಸ್‌ಪಿಐ ಮಾತ್ರ ಎರಡೂ ವರ್ಷ ಒಂದೇ ಅನ್ನುತ್ತದೆ. ರೈತರಿಗೆ ಅದು ಒಂದೇ ಅಲ್ಲ, ಅಲ್ವಾ?

2010ರ ಎಸ್‌ಪಿಇಐ ಎಂಬ ಸೂಚ್ಯಂಕ, ಬಿದ್ದ ಮಳೆಯಿಂದ ಆವಿಯಾಗಬಹುದಾದ ನೀರನ್ನು ಕಳೆದು ನೋಡುತ್ತದೆ. ಭೂಮಿ ಬಿಸಿಯಾಗುತ್ತಿರುವಾಗ ನನ್ನ ಆಯ್ಕೆ ಇದೇ. ಒಂದು ಎಚ್ಚರ: ಆವಿಯಾಗುವ ನೀರನ್ನು ಲೆಕ್ಕಹಾಕಲು ಬರೀ ತಾಪಮಾನ ನೋಡುವ ಥಾರ್ನ್‌ತ್‌ವೇಟ್ ಸೂತ್ರ ಬರವನ್ನು ಹಿಗ್ಗಿಸಿ ತೋರಿಸಬಹುದು. ಗಾಳಿ, ತೇವಾಂಶ, ಬಿಸಿಲಿನ ದಾಖಲೆಯೂ ಇದ್ದರೆ ಪೆನ್‌ಮನ್-ಮಾಂಟೀತ್ ಸೂತ್ರ ಬಳಸಿ.