ಮೇಲ್ಮಣ್ಣು ಹೋದ ಹೊಲಕ್ಕೆ ಹುಲ್ಲು ಹಾಕುವವರು ಯಾವ ಜೀವಾಣು ಪೊಟ್ಟಣ ಕೊಳ್ಳಬೇಕು?

ಇಟ್ಟಿಗೆ ಭಟ್ಟಿಗೆ ಮಣ್ಣು ಕೊಟ್ಟ ಹೊಲ, 2019ರ ನೆರೆ ಕೊಚ್ಚಿಕೊಂಡು ಹೋದ ಹೊಳೆದಂಡೆ, ಒಡ್ಡು ಒಡೆದ ಮಡ್ಡಿ. ಬಾಗಲಕೋಟೆ, ವಿಜಯಪುರದ ಅಂಗಡಿಗಳಲ್ಲಿ ಇವಕ್ಕೆಲ್ಲ ಸಿಗುವ ಮದ್ದು ಒಂದೇ: ಜೀವಾಣು ಗೊಬ್ಬರ, ಅಂದರೆ ಬೆಳೆಗೆ ನೆರವಾಗುವ ಜೀವಂತ ಸೂಕ್ಷ್ಮಾಣುಗಳ ಪೊಟ್ಟಣ. ಎಲ್ಲ ಪೊಟ್ಟಣಕ್ಕೂ ಒಂದೇ ಅಂಕ ಕೊಡಲಾಗದು.

ರಂಜಕ ಕರಗಿಸುವ ಬ್ಯಾಕ್ಟೀರಿಯಾಕ್ಕೆ 5ಕ್ಕೆ 2. ಎರೆಮಣ್ಣಿನ ಮೇಲ್ಪದರ ಹೋದರೆ ಕೆಳಗಿನ ಸುಣ್ಣದ ಹರಳು ಮೇಲೆ ಬರುತ್ತದೆ. ಈ ಬ್ಯಾಕ್ಟೀರಿಯಾ ಆಮ್ಲ ಬಿಟ್ಟು ರಂಜಕ ಬಿಡಿಸಬೇಕು, ಆ ಆಮ್ಲವನ್ನು ಸುಣ್ಣವೇ ನುಂಗಿಬಿಡುತ್ತದೆ. ಮೇಲಾಗಿ ಬರೀ ಗಟ್ಟಿ ಕೆಳಮಣ್ಣಿನಲ್ಲಿ ಅದಕ್ಕೆ ತಿನ್ನಲು ಇಂಗಾಲವೂ ಇಲ್ಲ. ಎಕರೆಗೆ 2–3 ಟನ್ ಕೊಳೆತ ತಿಪ್ಪೆಗೊಬ್ಬರ ಹಾಕದವರು ಇದನ್ನು ಕೊಳ್ಳುವುದೇ ಬೇಡ. ಸಾರಜನಕ ಒದಗಿಸುವ ಬ್ಯಾಕ್ಟೀರಿಯಾ ಅಜೋಸ್ಪಿರಿಲಂ ಕಥೆಯೂ ಹೆಚ್ಚುಕಡಿಮೆ ಇಷ್ಟೇ.

ದುಡ್ಡಿಗೆ ಬೆಲೆ ಬರುವುದು ಬೇರಿನೊಳಗೆ ಬದುಕುವ ಶಿಲೀಂಧ್ರವಾದ ವ್ಯಾಮ್‌ನಲ್ಲಿ (ಮೈಕೊರೈಜಾ): 5ಕ್ಕೆ 4. ಈ ಶಿಲೀಂಧ್ರ ಹುಲ್ಲಿನ ಬೇರಿನಿಂದಲೇ ಊಟ ಪಡೆಯುತ್ತದೆ, ಬೇರು ಮುಟ್ಟದ ಕಡೆಯಿಂದ ರಂಜಕ, ಸತುವು ಎಳೆದು ತರುತ್ತದೆ, ಅದರ ಎಳೆಗಳು ಮಣ್ಣಿನ ಕಣಗಳನ್ನು ಹೆಣೆದು ಹಿಡಿಯುತ್ತವೆ. ಆದರೆ ಮೇಲೆ ಎರಚಿದರೆ ಬಿಸಿಲಿಗೆ ಹಾಳು. ಕೂರಿಗೆ ಸಾಲಿನಲ್ಲಿ, ಬೀಜಕ್ಕಿಂತ 2–3 ಸೆಂ.ಮೀ. ಕೆಳಗೆ ಬೀಳಬೇಕು. ಅದೇ ಸಾಲಿಗೆ ಡಿಎಪಿ ಸುರಿದರೆ ಬೇರು ಶಿಲೀಂಧ್ರವನ್ನು ಹತ್ತಿರ ಸೇರಿಸುವುದಿಲ್ಲ. ಪುಕ್ಕಟೆ ದಾರಿಯೂ ಇದೆ: ಹಳೆಯ ಒಡ್ಡಿನ ಹುಲ್ಲಿನ ಬುಡದ ಮಣ್ಣನ್ನು ಬೇರುಸಮೇತ ಅಗೆದು ಸಾಲಿಗೆ ಹಾಕುವುದು. ಕಾಂಗ್ರೆಸ್ ಕಸದ ಬೀಜ ಜೊತೆಗೆ ಬರದಂತೆ ಜಾಗ ನೋಡಿ ಅಗೆಯಬೇಕು.

ರೈಜೋಬಿಯಂ ಎಂದರೆ ದ್ವಿದಳ ಗಿಡದ ಬೇರಿನಲ್ಲಿ ಗಂಟು ಕಟ್ಟಿ ಸಾರಜನಕ ಕೊಡುವ ಬ್ಯಾಕ್ಟೀರಿಯಾ; ಹುಲ್ಲಿನ ಜೊತೆ ಸ್ಟೈಲೋ ಎಂಬ ದ್ವಿದಳ ಮೇವನ್ನು ಬಿತ್ತುವವರಿಗೆ ಮಾತ್ರ ಇದು. ಇಲ್ಲೇ ಮೋಸ ಹೋಗುವುದು ಜಾಸ್ತಿ. ಕಡಲೆಯ ರೈಜೋಬಿಯಂ ಸ್ಟೈಲೋಗೆ ಗಂಟು ಕಟ್ಟುವುದಿಲ್ಲ; ಅಲಸಂದಿ ಗುಂಪಿನದೇ ಬೇಕು. ಸ್ಟೈಲೋದಲ್ಲೇ ಹಮಾಟಾ ಎಂಬ ಜಾತಿಗೆ ಅದು ಸಾಕು. ಎರೆಮಣ್ಣಿಗೆ ಹೆಚ್ಚು ಹೊಂದುವ ಸೀಬ್ರಾನಾ ಜಾತಿಗೆ ಅದಕ್ಕೇ ಹೊಂದುವ ತಳಿಯ ರೈಜೋಬಿಯಂ ಇಲ್ಲದಿದ್ದರೆ ಗಂಟು ಸರಿಯಾಗಿ ಕೂರುವುದಿಲ್ಲ. ಬೀಜ ಕೊಳ್ಳುವಾಗಲೇ ಕೇಳಿ. ಧಾರವಾಡದಲ್ಲಿ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರವಿದೆ, ವಿಚಾರಿಸಲು ಅದು ಸರಿಯಾದ ಜಾಗ.

ಸ್ಟೈಲೋ ಬೀಜದ ಸಿಪ್ಪೆ ಗಟ್ಟಿ. 80 ಡಿಗ್ರಿ ನೀರಿನಲ್ಲಿ 4–5 ನಿಮಿಷ ಇಟ್ಟು, ರಾತ್ರಿಯಿಡೀ ತಣ್ಣೀರಲ್ಲಿ ನೆನೆಸಿ, ಆಮೇಲೆ ಬೆಲ್ಲದ ಪಾಕದಲ್ಲಿ ರೈಜೋಬಿಯಂ ಪುಡಿ ಹಚ್ಚಿ ನೆರಳಲ್ಲಿ ಆರಿಸಬೇಕು. ಬಿಸಿನೀರಿಗೆ ಮೊದಲೇ ಪುಡಿ ಹಚ್ಚಿದರೆ ಜೀವಾಣು ಬೆಂದ ಸಾರು! ಎಕರೆಗೆ ಸ್ಟೈಲೋ 4 ಕೆಜಿ, ಅಂಜನ್ ಹುಲ್ಲು 2.5–3 ಕೆಜಿ. ಬೀಜದ ಆಳ ಒಂದು ಸೆಂ.ಮೀ. ದಾಟಕೂಡದು.

ಪುಡಿ ರೂಪದ ಬ್ಯಾಕ್ಟೀರಿಯಾ ಗೊಬ್ಬರದಲ್ಲಿ ಗ್ರಾಂಗೆ ಕನಿಷ್ಠ 5 ಕೋಟಿ ಜೀವಕೋಶ ಇರಬೇಕೆಂಬುದು ಸರ್ಕಾರದ ಮಾನದಂಡ. ಮನೆಯಲ್ಲಿ ಎಣಿಸಲಾಗದು, ಆದರೆ ತಯಾರಿಕೆ ದಿನಾಂಕ ಓದಬಹುದು. ಆರು ತಿಂಗಳು ದಾಟಿದ್ದು ಬೇಡ. 40 ಡಿಗ್ರಿ ಬೇಸಿಗೆಯಲ್ಲಿ ತಗಡಿನ ಕೆಳಗೆ ಕೂತ ದಾಸ್ತಾನಿಗೆ ದಿನಾಂಕ ಸರಿಯಿದ್ದರೂ ಪ್ರಯೋಜನವಿಲ್ಲ.

ಮೊದಲ ವರ್ಷ ದನ ಬಿಡಬೇಡಿ, 10–15 ಸೆಂ.ಮೀ. ಬುಡ ಬಿಟ್ಟು ಕೊಯ್ದು ಹಾಕಿ. ಬಿತ್ತಿದ ಎರಡು ತಿಂಗಳಿಗೆ ಸ್ಟೈಲೋ ಗಿಡವನ್ನು ಮಣ್ಣುಸಮೇತ ಎತ್ತಿ ಗಂಟು ಸೀಳಿ ನೋಡಿ: ಒಳಗೆ ಗುಲಾಬಿ ಬಣ್ಣವಿದ್ದರೆ ಗಂಟು ಕೆಲಸ ಮಾಡುತ್ತಿದೆ. ಬಿಳಿ, ಹಸಿರು ಇದ್ದರೆ ಮುಂದಿನ ಸಲ ಅಂಗಡಿ ಬದಲಿಸಿ.